ಸಂಬಳ ನಿಂತ ತಾರೀಖು

ಎಲೆನರ್ ಥಾರ್ಪ್ ಅಂದರೆ ಮಾಲೀಕರ ಕಿರಿಯ ಸೊಸೆ.
ಮದುವೆಯಾದ ವರ್ಷವೇ ನೀರಿಗಿಳಿದ ಹಡಗಿಗೂ
ಅದೇ ಹೆಸರಿಟ್ಟರಂತೆ. ಸೊಸೆಯನ್ನು ನಾನು ಕಂಡಿಲ್ಲ.
ಹಡಗನ್ನು ಕಂಡಿದ್ದೇನೆ, ಸೌತ್ ಶೀಲ್ಡ್ಸಿನ ಆಫೀಸಿನ
ಮೂರನೇ ಮಹಡಿಯ ಕಿಟಕಿಯಿಂದ:
ಕಲ್ಲಿದ್ದಲು ತುಂಬಿಕೊಂಡು, ಕುತ್ತಿಗೆವರೆಗೆ ನೀರಲ್ಲಿ,
ಟೈನ್ ನದಿಯ ಬಾಯಿ ದಾಟುವುದನ್ನು.

ಚಂದದ ಹಡಗಲ್ಲ.
ಗಂಟೆಗೆ ಒಂಬತ್ತು ಮೈಲಿ, ಅದೂ ಗಾಳಿ ಮನಸ್ಸು ಮಾಡಿದರೆ.
ಜಿನೋವಾಕ್ಕೆ ಕಲ್ಲಿದ್ದಲು, ರೊಸಾರಿಯೋದಿಂದ ಗೋಧಿ,
ರೀಗಾದಿಂದ ಗಣಿಯ ಸೂರಿಗೆ ಆನಿಸುವ ಮರದ ಕಂಬ;
ಒಮ್ಮೆ ಅಲೆಕ್ಸಾಂಡ್ರಿಯಾದಿಂದ ಬರೀ ಈರುಳ್ಳಿ,
ಆಮೇಲೆ ಆರು ತಿಂಗಳು
ಕ್ಯಾಪ್ಟನ್ ಬರೆದ ಕಾಗದಗಳೂ ಅದೇ ನಾತ.
ಕೆಲಸವಿಲ್ಲದ ವರ್ಷಗಳಲ್ಲಿ ನದಿಯ ತಿರುವಲ್ಲಿ
ಇನ್ನೇಳು ಹಡಗುಗಳ ಜೊತೆ ಕಟ್ಟಿಹಾಕಿದ್ದರು,
ಎಂಟಕ್ಕೂ ಸೇರಿ ಒಬ್ಬ ಕಾವಲು ಮುದುಕ, ಒಂದು ನಾಯಿ.
ಯುದ್ಧ ಬಂತು. ತುಕ್ಕು ಕೆರೆದು ಬೂದು ಬಣ್ಣ ಬಳಿದರು,
ಹಿಂಬದಿಗೆ ಒಂದು ತೋಪು ಕೂರಿಸಿದರು,
ನನಗಿಂತ ವಯಸ್ಸಾದದ್ದು.

ನನ್ನ ಕೆಲಸ ಲೆಡ್ಜರು.
ಮೂವತ್ತೇಳು ಜನ, ತಲೆಗೊಂದು ಸಾಲು.
ಬಾಯ್ಲರಿಗೆ ಕಲ್ಲಿದ್ದಲು ಎರೆಯುವವರು ಹನ್ನೊಂದು ಮಂದಿ
ಏಡನ್ನಿನ ಆಚೆಯ ಗುಡ್ಡಗಳವರು,
ಲೇಗೇಟಿನ ಬಾಡಿಗೆ ಕೋಣೆಗಳಲ್ಲಿ ಇದ್ದವರು.
ಹಿಂದಿನ ಗುಮಾಸ್ತ ಅವರನ್ನು
ಅಲಿ ಒಂದು, ಅಲಿ ಎರಡು, ಅಲಿ ಮೂರು ಎಂದು ಬರೆದಿದ್ದ.
ನಾನು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದೆ:
ಮುಕ್ಬಿಲ್ ನಾಸಿರ್. ಕಾಯಿದ್ ಮುಸೀದ್. ಥಾಬಿತ್ ಹಸ್ಸನ್.
ಅಲಿ ಎಂಬುವನು ಒಬ್ಬನೂ ಇರಲಿಲ್ಲ.

ನವೆಂಬರ್ ಹತ್ತು. ಐರ್ಲೆಂಡಿನ ಪಶ್ಚಿಮಕ್ಕೆ,
ನಸುಕಿನ ನಾಲ್ಕಕ್ಕೆ ಟಾರ್ಪೆಡೊ.
ಒಳಗೆ ಆರು ಸಾವಿರದ ಇನ್ನೂರು ಟನ್ ಸಕ್ಕರೆ.
ಹಡಗು ನೀರುಪಾಲು ಎಂದು ಸಲೀಸಾಗಿ ಅನ್ನುತ್ತೇವಲ್ಲ,
ಪಾಲು ಮಾಡಿದವರು ಯಾರು, ಯಾರಿಗೆಷ್ಟು,
ಅದು ನಮ್ಮ ಟೇಬಲ್ಲಿಗೆ ಬರುತ್ತದೆ.

ಕಂಪನಿಯ ಪದ್ಧತಿ ಹೀಗೆ:
ಹಡಗು ಹೋದ ದಿನವೇ ಸಂಬಳ ನಿಲ್ಲಬೇಕು.
ಹಡಗೇ ಇಲ್ಲದ ಮೇಲೆ ನೌಕರಿ ಎಲ್ಲಿಯದು?
ಒಂದು ದೋಣಿ ಮಾತ್ರ ಹನ್ನೊಂದು ದಿನ ತೇಲಿ
ಹೆಬ್ರಿಡೀಸಿನ ಕಲ್ಲುದಂಡೆಗೆ ಬಂತು.
ಹತ್ತಿದವರು ಹದಿನಾಲ್ಕು, ಇಳಿದವರು ಒಂಬತ್ತು.

ನಾನು ನವೆಂಬರ್ ಇಪ್ಪತ್ತೊಂದು ಎಂದು ಬರೆದೆ.
ಮೂವತ್ತೇಳು ಸಾಲಿಗೂ. ಕೈ ನಡುಗಲಿಲ್ಲ,
ನನ್ನ ಅಕ್ಷರ ಯಾವಾಗಲೂ ದುಂಡಗೆ.

ಮ್ಯಾನೇಜರ್ ಓರ್ಮ್‌ಸ್ಟನ್ ಮೂರನೇ ದಿನ ನೋಡಿದರು.
ಕೆಟ್ಟವರಲ್ಲ; ಅವರ ಮಗನೂ ಕಡಲ ಮೇಲೆಯೇ ಇದ್ದ.
ಒಂದು ಮಾತೂ ಆಡದೆ ಡ್ರಾಯರಿನಿಂದ ಬ್ಲೇಡು ತೆಗೆದು
ಕೆರೆಯುತ್ತಾ ಕೂತರು, ಮಧ್ಯಾಹ್ನದ ಚಹಾ ಆರುವವರೆಗೆ.
ಮುಕ್ಬಿಲನ ಸಾಲಿನಲ್ಲಿ ಕಾಗದ ತೂತಾಯಿತು.
ಕಣ್ಣಿಟ್ಟು ನೋಡಿದೆ: ಕೆಳಗಿನ ಪುಟದಲ್ಲಿ
ಸಕ್ಕರೆಯ ವಿಮೆ,
ಪೂರ್ತಿ ಸಂದಾಯ, ಪೈಸೆ ಬಾಕಿಯಿಲ್ಲ.

ಅವನ ಹೆಂಡತಿ ಹಿಲ್ಡಾ ಕೌಂಟರಿಗೆ ಬಂದಳು,
ಹೆಗಲ ಮೇಲೆ ಮಗು, ಅದರ ಬಾಯಲ್ಲಿ ಬಾಗಿಲ ಕೀ.
“ಏಳು ದಿನ ಹುಟ್ಟು ಹಾಕಿದನಂತೆ,” ಅಂದಳು,
“ಎಂಟನೇ ದಿನ ಹೋದನಂತೆ. ಕಾಯಿದ್ ಹೇಳಿದ.
ಆ ಏಳು ದಿನ ಅವನು ಯಾರ ಕೆಲಸದಲ್ಲಿದ್ದ?”

ನಾನು ಚೀಟಿ ತಿರುಗಿಸಿ ತೋರಿಸಿದೆ.
ಹತ್ತು ದಿನದ ಸಂಬಳ; ಅದರಲ್ಲಿ ಮುಂಗಡ ಕಳೆದು,
ಹಡಗಿನಲ್ಲಿ ಕೊಂಡ ತಂಬಾಕು ಕಳೆದು, ಉಳಿದದ್ದು.
ಎಣಿಸುವಾಗ ನನ್ನ ಪರ್ಸಿನ ಎರಡು ಶಿಲ್ಲಿಂಗು
ಸದ್ದಾಗದಂತೆ ಸೇರಿಸಿದೆ.
ಅವಳು ಎಣಿಸಿದಳು. ಚೀಟಿ ನೋಡಿದಳು. ಮತ್ತೆ ಎಣಿಸಿದಳು.
ಎರಡು ನಾಣ್ಯಗಳನ್ನು ಬೆರಳ ತುದಿಯಿಂದ
ನನ್ನ ಕಡೆ ಸರಿಸಿದಳು.
“ಇದು ಲೆಕ್ಕದ್ದಲ್ಲ.”

ಅವತ್ತು ಸಂಜೆ ಅವೇ ಎರಡು ಶಿಲ್ಲಿಂಗು ಮುರಿಸಿ
ಓಷನ್ ರೋಡಿನ ಅಂಗಡಿಯಲ್ಲಿ ಕರಿದ ಮೀನು ಕೊಂಡೆ.
ಕತ್ತಲಲ್ಲಿ, ದೀಪವಿಲ್ಲದ ಬೀದಿಯಲ್ಲಿ ನಿಂತೇ ತಿಂದೆ.
ಹಸಿವಾಗಿತ್ತು.
ಉಪ್ಪು ಹದವಾಗಿತ್ತು.